4 ಜಿಬಿ ಗಡಿ ದಾಟಿದ ವಿಳಾಸ: ಯು-ಬೂಟ್ ಡ್ರೈವರ್‌ನಲ್ಲಿ ಓದುವುದು ಹೇಗೆ?

ಬೋರ್ಡು ಶುರುವಾದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಬೂಟ್‌ಲೋಡರ್ ಯು-ಬೂಟ್. ಹೊಸ ಬೋರ್ಡೊಂದಕ್ಕೆ ಅದರ ಡ್ರೈವರ್ ಬರೆಯುವವರು ಡಿವೈಸ್ ಟ್ರೀಯಿಂದ (ಬೋರ್ಡಿನಲ್ಲಿ ಯಾವ ಸಾಧನ ಎಲ್ಲಿದೆ ಎಂದು ವಿವರಿಸುವ ಪಟ್ಟಿಯಿಂದ) ಮೊದಲು ಓದಿಕೊಳ್ಳುವುದು ಸಾಧನದ ವಿಳಾಸವನ್ನು. ಆ ವಿಳಾಸ 32 ಬಿಟ್‌ಗಳೊಳಗೆ ಹಿಡಿಸುವವರೆಗೆ ಹೇಗೆ ಓದಿದರೂ ನಡೆದುಹೋಗುತ್ತದೆ. 4 ಜಿಬಿ ಗಡಿಯನ್ನು ದಾಟಿತೆಂದರೆ, ಅದುವರೆಗೆ ಸರಿಯಾಗಿ ಕೆಲಸ ಮಾಡುತ್ತಿದ್ದ ಕೋಡೇ ಯಾವ ದೂರನ್ನೂ ಹೇಳದೆ ತಪ್ಪು ಜಾಗಕ್ಕೆ ಬರೆಯತೊಡಗುತ್ತದೆ. ರಾಸ್ಪ್‌ಬೆರಿ ಪೈ 4 ಬೋರ್ಡಿನಲ್ಲಿ ಯುಎಸ್‌ಬಿ 3 ಕಂಟ್ರೋಲರ್ ಇರುವುದು ಪಿಸಿಐ ಎಕ್ಸ್‌ಪ್ರೆಸ್‌ನ ಹಿಂದೆ. ಪ್ರೊಸೆಸರ್ ಅದನ್ನು ತಲುಪುವ ಕಿಟಕಿ (ವಿಳಾಸಗಳ ವ್ಯಾಪ್ತಿ) ಆರಂಭವಾಗುವುದು ಹೆಕ್ಸಾಡೆಸಿಮಲ್‌ನಲ್ಲಿ 600000000 ಎಂಬಲ್ಲಿ, ಅಂದರೆ 24 ಜಿಬಿ ಎತ್ತರದಲ್ಲಿ. ಈ ಸಂಖ್ಯೆಯನ್ನು 32 ಬಿಟ್ ವೇರಿಯಬಲ್‌ಗೆ ಹಾಕಿದರೆ ಮೊದಲಿನ 6 ಕಳಚಿಹೋಗಿ ಉಳಿಯುವುದು ಬರೀ ಸೊನ್ನೆ. ಆ ಚಿಪ್‌ನಲ್ಲಿ ರ‍್ಯಾಮ್ ಶುರುವಾಗುವುದೂ ಸೊನ್ನೆಯಿಂದಲೇ ಆದ್ದರಿಂದ, ಸಾಧನವನ್ನು ನಿಯಂತ್ರಿಸುವ ರಿಜಿಸ್ಟರಿಗೆಂದು ಬರೆದದ್ದು ರ‍್ಯಾಮಿನ ತಲೆಯ ಮೇಲೆ ಹೋಗಿ ಬೀಳುತ್ತದೆ, ಮತ್ತು ಬೋರ್ಡು ಆ ಕ್ಷಣಕ್ಕೆ ನಿಲ್ಲುವುದೂ ಇಲ್ಲ.

ಮೊದಲ ಹೆಜ್ಜೆಯಾಗಿ ಟ್ರೀಯನ್ನೇ ಸರಿಯಾಗಿ ಓದಬೇಕು. ಟ್ರೀಯಲ್ಲಿ ಪ್ರತಿ ಸಾಧನಕ್ಕೂ 'ನೋಡ್' ಎಂಬ ನಮೂದು ಇರುತ್ತದೆ; ಅದರ ವಿಳಾಸ ಹೇಳುವ 'ರೆಗ್' ಪ್ರಾಪರ್ಟಿಯಲ್ಲಿರುವುದು 32 ಬಿಟ್‌ನ ಸೆಲ್‌ಗಳ ಸಾಲು. ಪ್ರತಿ ಸೆಲ್‌ನಲ್ಲೂ ಹೆಚ್ಚು ಬೆಲೆಯ ಬೈಟ್ ಮೊದಲು ಬರುತ್ತದೆ. ಈ ಸಾಲಿನಲ್ಲಿ ವಿಳಾಸಕ್ಕೆ ಎಷ್ಟು ಸೆಲ್, ಗಾತ್ರಕ್ಕೆ ಎಷ್ಟು ಸೆಲ್ ಎಂಬುದನ್ನು ಹೇಳುವುದು ಆ ನೋಡ್ ಅಲ್ಲ, ಅದರ ತಾಯಿ ನೋಡ್‌ನಲ್ಲಿರುವ 'ಅಡ್ರೆಸ್-ಸೆಲ್ಸ್' ಮತ್ತು 'ಸೈಜ್-ಸೆಲ್ಸ್'. ಈ ಎರಡು ಪ್ರಾಪರ್ಟಿಗಳು ಅಜ್ಜಿ ನೋಡ್‌ನಿಂದ ಇಳಿದು ಬರುವುದಿಲ್ಲ; ತಾಯಿ ನೋಡ್‌ನಲ್ಲಿ ಬರೆಯದಿದ್ದರೆ ಡಿವೈಸ್ ಟ್ರೀ ನಿಯಮದ ಪ್ರಕಾರ ಕ್ರಮವಾಗಿ 2 ಮತ್ತು 1 ಎಂದೇ ಭಾವಿಸಬೇಕು. ಆದ್ದರಿಂದ ಡ್ರೈವರ್ ಬರೆಯುವವರು ಸೆಲ್‌ಗಳನ್ನು ಕೈಯಾರೆ ಎಣಿಸಿ ಜೋಡಿಸಲು ಹೋಗದೆ, 'ಡೆವ್_ರೀಡ್_ಅಡ್ರ್' ಕುಟುಂಬದ ಫಂಕ್ಷನ್‌ಗಳಿಗೇ ಆ ಕೆಲಸವನ್ನು ಬಿಡುವುದು ಒಳಿತು. ತಾಯಿ ಬಸ್ಸಿನ 'ರೇಂಜಸ್' ಪ್ರಾಪರ್ಟಿಯನ್ನು ಹಿಡಿದು ಬಸ್ ವಿಳಾಸವನ್ನು ಪ್ರೊಸೆಸರ್ ಕಾಣುವ ವಿಳಾಸಕ್ಕೆ ಬದಲಿಸುವ ಕೆಲಸವೂ ಅಲ್ಲಿಯೇ ಆಗುತ್ತದೆ. ಪೈ 4 ಬೋರ್ಡಿನ ಟ್ರೀಯಲ್ಲಿ ಮೂಲ ನೋಡ್ ವಿಳಾಸಕ್ಕೆ ಎರಡು ಸೆಲ್ ಬಳಸಿದರೆ, ಅದರಡಿಯ ಎಸ್‌ಒಸಿ (ಮುಖ್ಯ ಚಿಪ್) ಬಸ್ ಒಂದನ್ನು ಮಾತ್ರ ಬಳಸುತ್ತದೆ. ಒಂದೇ ಫೈಲಿನೊಳಗೆ ಇಷ್ಟು ವ್ಯತ್ಯಾಸವಿರುವಾಗ ಕೈಲೆಕ್ಕವನ್ನು ನಂಬುವುದು ಹೇಗೆ?

ಬಂದ ವಿಳಾಸವನ್ನು ಎಲ್ಲಿ ಇಡಬೇಕು ಎಂಬುದು ಎರಡನೆಯ ಹೆಜ್ಜೆ, ಮತ್ತು ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲಿಯೇ. ಟ್ರೀಯಲ್ಲಿ ಬರೆದ ಸಂಖ್ಯೆ, ಪ್ರೊಸೆಸರಿನ ಭೌತಿಕ ವಿಳಾಸ, ಸಿ ಭಾಷೆಯ ಪಾಯಿಂಟರ್ ಇವು ಮೂರು ಬೇರೆ ಬೇರೆ ವಸ್ತುಗಳು. ಮೂರರ ಅಗಲವೂ ಒಂದೇ ಆಗಿರಬೇಕೆಂದಿಲ್ಲ. ಟ್ರೀಯಿಂದ ಓದಿದ್ದನ್ನು 'ಎಫ್‌ಡಿಟಿ_ಅಡ್ರ್_ಟಿ' ಟೈಪಿನಲ್ಲಿಯೇ ಇಡಬೇಕು. 32 ಬಿಟ್‌ನ 'ಯು32' ಬೇಡ, 'ಇಂಟ್' ಅಂತೂ ಬೇಡವೇ ಬೇಡ. ಹಿಂದೆ ಯು-ಬೂಟ್‌ನಲ್ಲಿ ಈ ಟೈಪಿನ ಅಗಲ ಭೌತಿಕ ವಿಳಾಸದ ಟೈಪಿಗೆ ಕಟ್ಟಿಹಾಕಿದಂತಿತ್ತು. 2023ರಲ್ಲಿ ಇವೆರಡನ್ನೂ ಬಿಡಿಸಿ, 'ಎಫ್‌ಡಿಟಿ_64ಬಿಟ್' ಎಂಬ ಪ್ರತ್ಯೇಕ ಕಾನ್ಫಿಗ್ ಆಯ್ಕೆಯನ್ನು ತರಲಾಯಿತು.

ಹಾಗೆ ಬಿಡಿಸಬೇಕಾಗಿ ಬಂದದ್ದು ನ್ಯಾಂಡ್ ಫ್ಲ್ಯಾಶ್ ಪಾರ್ಟಿಷನ್‌ಗಳಿಂದ. ಪ್ರೊಸೆಸರ್ 32 ಬಿಟ್‌ನದ್ದಾದರೂ ಅದಕ್ಕೆ ಜೋಡಿಸಿದ ಫ್ಲ್ಯಾಶ್ 4 ಜಿಬಿಗಿಂತ ದೊಡ್ಡದಿರಬಹುದು, ಮತ್ತು ಲಿನಕ್ಸ್‌ನಿಂದ ತಂದ ಟ್ರೀಯಲ್ಲಿ ಪಾರ್ಟಿಷನ್‌ಗಳ 'ರೆಗ್' 64 ಬಿಟ್‌ನಲ್ಲಿರಬಹುದು. 5 ಜಿಬಿಯಲ್ಲಿ ಆರಂಭವಾಗುವ ಪಾರ್ಟಿಷನ್ ಎಂದುಕೊಳ್ಳಿ: ಹೆಕ್ಸಾಡೆಸಿಮಲ್‌ನಲ್ಲಿ ಮೇಲಿನ ಸೆಲ್ 1, ಕೆಳಗಿನ ಸೆಲ್ 40000000. ಕೆಳಗಿನದ್ದನ್ನು ಮಾತ್ರ ಓದಿದ ಬೂಟ್‌ಲೋಡರ್‌ಗೆ ಅದು 1 ಜಿಬಿಯಲ್ಲಿ ಇರುವಂತೆ ಕಾಣುತ್ತದೆ. ಆ ಪಾರ್ಟಿಷನ್ ಅಳಿಸಲು ಆಜ್ಞೆ ಕೊಟ್ಟರೆ ಅಳಿಯುವುದು 1 ಜಿಬಿಯಲ್ಲಿರುವ ಬೇರೆ ಯಾವುದೋ ದತ್ತಾಂಶ. ಸರಿಯಾಗಿ 4 ಜಿಬಿ ಗಾತ್ರದ ಪಾರ್ಟಿಷನ್ನಿನ ಗಾತ್ರವೋ ಸೊನ್ನೆಯಾಗಿಬಿಡುತ್ತದೆ. ಇಂಥ ಸಂಖ್ಯೆಗಳು ಫ್ಲ್ಯಾಶಿನೊಳಗಿನ ದೂರವನ್ನು ಹೇಳುತ್ತವೆಯೇ ಹೊರತು ಪ್ರೊಸೆಸರಿನ ವಿಳಾಸವನ್ನಲ್ಲ. ಹಾಗಾಗಿ ಅವನ್ನು 'ರೇಂಜಸ್' ಮೂಲಕ ಬದಲಿಸಕೂಡದು, ಪಾಯಿಂಟರ್ ಮಾಡಲಂತೂ ಕೂಡದು. ಅನುವಾದವಿಲ್ಲದೆ ಓದಿಕೊಡುವ, ಹೆಸರಿನ ಕೊನೆಗೆ 'ನೋಟ್ರಾನ್ಸ್' ಎಂದಿರುವ ಫಂಕ್ಷನ್ ಇರುವುದು ಇದಕ್ಕಾಗಿಯೇ.

ಮುಂದಿನದು ತಪ್ಪು ಪರೀಕ್ಷೆ. ವಿಳಾಸ ಸಿಗದಿದ್ದರೆ ಬರುವ 'ಎಫ್‌ಡಿಟಿ_ಅಡ್ರ್_ಟಿ_ನನ್' ಎಂಬುದು 64 ಬಿಟ್ ಬೋರ್ಡಿನಲ್ಲಿ ಅರವತ್ತನಾಲ್ಕೂ ಬಿಟ್‌ಗಳು 1 ಆಗಿರುವ ಸಂಖ್ಯೆ. ಅದನ್ನು 'ಯು32' ವೇರಿಯಬಲ್‌ಗೆ ಹಾಕಿ ಹೋಲಿಸಿದರೆ, ಉಳಿದ 32 ಬಿಟ್‌ಗಳ ಮುಂದೆ ಸೊನ್ನೆಗಳು ಸೇರಿಕೊಳ್ಳುವುದರಿಂದ ಎರಡೂ ಎಂದೂ ಸಮವಾಗುವುದಿಲ್ಲ. ಪರೀಕ್ಷೆ ಬರೆದಿದ್ದರೂ ಬರೆಯದಂತೆಯೇ. ಸೊನ್ನೆಗಿಂತ ಕಡಿಮೆಯೇ ಎಂದು ನೋಡುವುದೂ ವ್ಯರ್ಥ, ಏಕೆಂದರೆ ಈ ಟೈಪಿಗೆ ಋಣ ಚಿಹ್ನೆಯೇ ಇಲ್ಲ.

ಸಾಧನದ ರಿಜಿಸ್ಟರುಗಳನ್ನು ಮುಟ್ಟಲು ಪಾಯಿಂಟರ್ ಬೇಕಾದಾಗ, ಸಂಖ್ಯೆಯನ್ನು ಓದಿ ಕಾಸ್ಟ್ ಮಾಡುವ (ಅದರ ಟೈಪನ್ನು ಬಲವಂತವಾಗಿ ಬದಲಿಸುವ) ಹಳೆಯ ರೂಢಿಯನ್ನು ಬಿಟ್ಟು 'ಡೆವ್_ರೀಡ್_ಅಡ್ರ್_ಪಿಟಿಆರ್' ಬಳಸಿ, ಬಂದದ್ದು ನಲ್ ಪಾಯಿಂಟರ್ ಆಗಿದೆಯೇ ಎಂದು ನೋಡಿದರೆ ಸಾಕು. ಬೋರ್ಡಿಲ್ಲದೆ ಕಂಪ್ಯೂಟರಿನಲ್ಲೇ ಓಡುವ ಸ್ಯಾಂಡ್‌ಬಾಕ್ಸ್ ಬಿಲ್ಡ್‌ಗೂ ಅದೇ ಹೊಂದುತ್ತದೆ. ಪಾಯಿಂಟರ್ 32 ಬಿಟ್‌ನದ್ದಾಗಿ ಟೈಪ್ 64 ಬಿಟ್‌ನದ್ದಾದಾಗ ಕಂಪೈಲರ್ ಅಗಲದ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ನಡುವೆ ಇನ್ನೊಂದು ಕಾಸ್ಟ್ ತುರುಕಿ ಅದರ ಬಾಯಿ ಮುಚ್ಚಿಸುವವರು ತಮಗೆ ಸಿಕ್ಕ ಏಕೈಕ ಎಚ್ಚರಿಕೆಯನ್ನು ಎಸೆಯುತ್ತಿದ್ದಾರೆ ಎಂದೇ ಹೇಳಬೇಕು. ವಿಳಾಸ ನಿಜವಾಗಿಯೂ 4 ಜಿಬಿ ಮೇಲಿದ್ದು ಪ್ರೊಸೆಸರ್ 32 ಬಿಟ್ ಮೋಡಿನಲ್ಲಿದ್ದರೆ ಯಾವ ಕಾಸ್ಟ್‌ನಿಂದಲೂ ಅಲ್ಲಿಗೆ ತಲುಪಲಾಗದು. ಪೈ 4 ಬೋರ್ಡಿನ 32 ಬಿಟ್ ಯು-ಬೂಟ್, 40 ಬಿಟ್ ಭೌತಿಕ ವಿಳಾಸಕ್ಕೆ ಅವಕಾಶ ಕೊಡುವ ಎಲ್‌ಪಿಎಇ ಪುಟಪಟ್ಟಿಗಳ ಮೂಲಕ ಆ ಕಿಟಕಿಯನ್ನು 4 ಜಿಬಿಯೊಳಗಿನ ಒಂದು ವರ್ಚುವಲ್ ವಿಳಾಸಕ್ಕೆ ಜೋಡಿಸಿಕೊಳ್ಳುತ್ತದೆ.

ಮುದ್ರಣದಲ್ಲೂ ಜಾರಬಹುದು. 64 ಬಿಟ್ ಮೌಲ್ಯವನ್ನು 32 ಬಿಟ್ ಬೋರ್ಡಿನಲ್ಲಿ 'ಲಾಂಗ್' ಫಾರ್ಮ್ಯಾಟಿನಲ್ಲಿ ಮುದ್ರಿಸಿದರೆ ಆ ಸಂಖ್ಯೆಯಷ್ಟೇ ಅಲ್ಲ, ಅದರ ಮುಂದಿನದೂ ಕೆಡಬಹುದು. 'ಲಾಂಗ್ ಲಾಂಗ್' ಎಂದು ಬದಲಿಸಿಯೇ ಮುದ್ರಿಸಬೇಕು.

ಪರೀಕ್ಷೆಗೆ ದುಬಾರಿ ಬೋರ್ಡು ಬೇಕಿಲ್ಲ. ಯಂತ್ರಗಳನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯೂಇಎಂಯುವಿನ 64 ಬಿಟ್ ಆರ್ಮ್ 'ವರ್ಟ್' ಯಂತ್ರವು ಪಿಸಿಐ ಕಾನ್ಫಿಗರೇಷನ್ ಪ್ರದೇಶವನ್ನು ಸಾಮಾನ್ಯವಾಗಿ ಹೆಕ್ಸಾಡೆಸಿಮಲ್ 4010000000 ವಿಳಾಸದಲ್ಲಿ, ಅಂದರೆ 256 ಜಿಬಿಗೂ ಮೇಲೆ ಇಡುತ್ತದೆ. ಎಲ್ಲೋ ಒಂದು ಕಡೆ 32 ಬಿಟ್‌ಗೆ ಕತ್ತರಿಸಿದ್ದರೆ ವಿಳಾಸ 10000000 ಆಗಿ, ಅದೇ ಯಂತ್ರದ ಪಿಸಿಐ ಮೆಮೊರಿ ಕಿಟಕಿಯೊಳಗೆ ಬೀಳುತ್ತದೆ. ಯು-ಬೂಟ್ ಪ್ರಾಂಪ್ಟಿನಲ್ಲಿ ಪಿಸಿಐ ಸಾಧನಗಳ ಪಟ್ಟಿ ಕೇಳಿ, ಇರಬೇಕಾದ ಸಾಧನಗಳು ಕಾಣದೆ ಹೋದರೆ ಮೊದಲು ಹುಡುಕಬೇಕಾದದ್ದು ಡ್ರೈವರಿನಲ್ಲಿ ಉಳಿದಿರುವ 'ಯು32' ವೇರಿಯಬಲ್ಲನ್ನು.