ಸೋಲ್‌ಬಾರ್ ಮೇಲೆ ಸೀಮೆಸುಣ್ಣ

ಇಂಗ್ಲೆಂಡಿಗೆ ಬಂದ ಮೇಲೆ ಶನಿವಾರ ಬಂತೆಂದರೆ ಹಳೆ ರೈಲು ಉಳಿಸುವ ಒಂದು ತಂಡದ ಜೊತೆ ಕೆಲಸಕ್ಕೆ ಹೋಗುತ್ತೇನೆ. ಸ್ಟೀಮ್ ಎಂಜಿನ್ ಸುತ್ತ ಯಾವಾಗಲೂ ಜನ. ನನ್ನ ಕಣ್ಣು ಬಿದ್ದದ್ದು ಸೈಡಿಂಗಿನ (ಪಕ್ಕದ ಹಳಿಯ) ತುದಿಯಲ್ಲಿ, ಮುಳ್ಳುಪೊದೆಯೊಳಗೆ ತುಕ್ಕು ಹಿಡಿದು ನಿಂತಿದ್ದ ಕಲ್ಲಿದ್ದಲು ವ್ಯಾಗನ್ ಮೇಲೆ. ಬದಿಯಲ್ಲಿ ಯಾರೋ ಬಳಿದ ನಂಬರ್ ಇತ್ತು. ಅದನ್ನೇ ಬರೆದುಕೊಂಡು ಬಂದೆ.

ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ರಾತ್ರಿ ಫೋನಿನಲ್ಲಿ ವಿಷಯ ಹೇಳಿದೆ. "ಬಣ್ಣಾ ನೋಡಿ ಬರಕೋಬ್ಯಾಡ ತಮ್ಮಾ. ಬಣ್ಣ ಯಾರ ಬೇಕಾದ್ರೂ ಹಚ್ತಾರ. ಕೆಳಗ ಬಗ್ಗಿ ಕಬ್ಬಣ ನೋಡು" ಎಂದರು.

ಮುಂದಿನ ಶನಿವಾರ ಬಗ್ಗಿ ನೋಡಿದೆ. ವ್ಯಾಗನ್ನಿನ ಡಬ್ಬದ ಕೆಳಗೆ ಉದ್ದಕ್ಕೂ ಹೋಗುವ ತೊಲೆಗೆ ಸೋಲ್‌ಬಾರ್ ಎನ್ನುತ್ತಾರೆ. ಅದರ ಮೇಲೆ ಸಣ್ಣದೊಂದು ಎರಕದ ಪ್ಲೇಟು. ತಂತಿ ಬ್ರಷ್‌ನಿಂದ ಜೋರಾಗಿ ತಿಕ್ಕಿದರೆ ಅಕ್ಷರ ಸವೆದೀತು ಅನ್ನೋ ಭಯ. ಹಳೆ ಹಲ್ಲುಜ್ಜುವ ಬ್ರಷ್ ತಗೊಂಡು ಮಣ್ಣು ಬಿಡಿಸಿದೆ. ಆಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೆಲ್ಲಗೆ ಸವರಿದೆ. ಉಬ್ಬಿದ ಅಕ್ಷರಗಳು ಒಂದೊಂದಾಗಿ ಬೆಳ್ಳಗಾದವು. ಮೊದಲು 16 ಟನ್, ಆಮೇಲೆ ಬಿ, ಅದರ ಮುಂದೆ ಅಂಕಿಗಳು, ಕೆಳಗೆ ಲಾಟ್ ನಂಬರ್, ಅಂದರೆ ಒಟ್ಟಿಗೆ ಕಟ್ಟಿದ ಗುಂಪಿನ ನಂಬರ್. ಬದಿಯ ಬಣ್ಣದ ನಂಬರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ! ಆ ಕ್ಷಣದ ಖುಷಿ ಇವತ್ತಿಗೂ ಹಾಗೇ ಇದೆ.

ನಂಬರಿಗಿಂತ ಮುಂಚಿನ ಆ ಒಂದು ಅಕ್ಷರ ತುಂಬಾ ಹೇಳುತ್ತದೆ. 1948ರಲ್ಲಿ ಬ್ರಿಟನ್ನಿನ ರೈಲ್ವೆ ಸರ್ಕಾರದ್ದಾಯಿತು, ಹೆಸರು ಬ್ರಿಟಿಷ್ ರೈಲ್ವೇಸ್. ಬಿ ಅಂದರೆ ಬ್ರಿಟಿಷ್ ರೈಲ್ವೇಸ್‌ನದು. ಪಿ ಇದ್ದರೆ ಮೊದಲು ಗಣಿಯವರದೋ ಕಲ್ಲಿದ್ದಲು ವ್ಯಾಪಾರಿಯದೋ ಆಗಿದ್ದ ಖಾಸಗಿ ವ್ಯಾಗನ್. ಎಂ, ಇ, ಡಬ್ಲ್ಯೂ, ಎಸ್ ಹಳೆಯ ನಾಲ್ಕು ದೊಡ್ಡ ಕಂಪನಿಗಳ ಗುರುತು. ಲಾಟ್ ನಂಬರ್ ಹಿಡಿದು ಹೋದರೆ ಯಾರು ಕಟ್ಟಿದ್ದು, ಯಾವ ವರ್ಷ ಅನ್ನೋದು ಸಿಗುತ್ತದೆ.

ಪ್ಲೇಟು ಕಿತ್ತು ಹೋಗಿದ್ದರೆ ವ್ಯಾಗನ್ ಯಾವ ಬಗೆಯದು ಅಂತ ತಿಳಿಯಲು ಅಳತೆ ಟೇಪ್ ಹಿಡಿಯಬೇಕು. ಎರಡು ಆಕ್ಸಲ್‌ಗಳ ನಡುವೆ 9 ಅಡಿಯೋ 10 ಅಡಿಯೋ ಅಳೆಯಬೇಕು. ಮರದ್ದಾದರೆ ಹಲಗೆ ಎಣಿಸಬೇಕು. ಆಕ್ಸಲ್‌ಬಾಕ್ಸ್, ಅಂದರೆ ಆಕ್ಸಲ್ ತುದಿ ಕೂರುವ ಡಬ್ಬಿ, ಅದರ ಮೇಲಿನ ಕಂಪನಿ ಹೆಸರನ್ನು ಮಾತ್ರ ಸಾಕ್ಷಿ ಅಂದುಕೊಳ್ಳಬೇಡಿ. ರಿಪೇರಿಯಲ್ಲಿ ಗಾಲಿ, ಬಾಕ್ಸು ಎಲ್ಲ ಅದಲುಬದಲಾಗುತ್ತವೆ.

ಎಂಜಿನ್ನುಗಳಲ್ಲಿ ಈ ಅದಲುಬದಲು ಇನ್ನೂ ಜಾಸ್ತಿ. ನಮ್ಮ ಶೆಡ್ಡಿನಲ್ಲಿ ಒಂದು ಕಪ್ಲಿಂಗ್ ರಾಡ್ (ಎಂಜಿನ್ನಿನ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಸರಳು) ಬಿದ್ದಿತ್ತು, ಮೇಲೆ 5ರಿಂದ ಶುರುವಾಗುವ ನಂಬರ್ ಕೊರೆದಿತ್ತು. ಆ ನಾಲ್ಕು ಕಂಪನಿಗಳಲ್ಲಿ ಒಂದಾದ ಎಲ್‌ಎಂಎಸ್‌ನ ಎಂಜಿನ್ನುಗಳ ಹಳೆ ನಂಬರಿಗೆ 1948ರ ನಂತರ ಹೆಚ್ಚಾಗಿ 40000 ಸೇರಿಸಿದರು. ನಾನೂ ಸೇರಿಸಿ, ಇದು ಇಂಥದೇ ಎಂಜಿನ್ನಿನ ರಾಡ್ ಎಂದು ಎಲ್ಲರಿಗೂ ಹೇಳಿಬಿಟ್ಟೆ. ತಪ್ಪಾಯಿತು. ಓವರ್‌ಹಾಲ್‌ನಲ್ಲಿ ಬಾಯ್ಲರ್, ರಾಡ್ ಯಾವುದು ರೆಡಿ ಇತ್ತೋ ಅದನ್ನು ಹಾಕಿ ಕಳಿಸುತ್ತಿದ್ದರು. ರಾಡ್ ಒಂದು ಕಾಲದಲ್ಲಿ ಎಲ್ಲಿತ್ತು ಅಂತಷ್ಟೇ ಆ ನಂಬರ್ ಹೇಳುತ್ತದೆ.

ಹಾಗಾಗಿ ಎಂಜಿನ್ನಿನ ಚರಿತ್ರೆ ಹುಡುಕುವಾಗ ಕಾಗದ ಬೇಕು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರ, ಯಾರ್ಕ್‌ನ ರೈಲ್ವೆ ಮ್ಯೂಸಿಯಂ ಎರಡರಲ್ಲೂ ದಾಖಲೆಗಳಿವೆ. ಸೇವೆಯಿಂದ ತೆಗೆದ ದಿನವೇ ಗುಜರಿಗೆ ಕತ್ತರಿಸಿದ ದಿನವಲ್ಲ, ನಡುವೆ ತಿಂಗಳುಗಟ್ಟಲೆ ನಿಂತಿರುತ್ತಿದ್ದವು. ಹಳೆ ಪಟ್ಟಿಗಳಲ್ಲಿ ಒಂದು ಗುಜರಿ ಯಾರ್ಡಿನ ಹೆಸರು, ಫೋಟೋದಲ್ಲಿ ಇನ್ನೊಂದು ಯಾರ್ಡು, ಹೀಗೂ ಆಗುತ್ತದೆ. ತಾರೀಕು ಬರೆದಿಟ್ಟ ಫೋಟೋ ಸಿಕ್ಕರೆ ನಾನು ಅದನ್ನೇ ನಂಬುತ್ತೇನೆ.

ವೇಲ್ಸ್‌ನ ಬ್ಯಾರಿಯಲ್ಲಿ ಡೈ ವುಡಮ್ ಅವರ ಗುಜರಿ ಯಾರ್ಡಿಗೆ 297 ಸ್ಟೀಮ್ ಎಂಜಿನ್ ಬಂದವು. 213 ಕತ್ತರಿಗೆ ಸಿಗದೆ ಉಳಿದವು. ಅವರು ಮೊದಲು ವ್ಯಾಗನ್ ಕತ್ತರಿಸುವ ಕೆಲಸ ಹಿಡಿದರು, ಎಂಜಿನ್ನುಗಳು ಕಾಯುತ್ತ ನಿಂತವು. ಕೊನೆಯದು ಹೊರಬಿದ್ದದ್ದು 1990ರಲ್ಲಿ. ಎಂಜಿನ್ ಉಳಿದದ್ದು ವ್ಯಾಗನ್‌ಗಳಿಂದ, ಅಲ್ವಾ? ಅದಕ್ಕೇ ವ್ಯಾಗನ್‌ಗಳನ್ನು ಸುಮ್ನೆ ಬಿಡಲು ನನಗೆ ಮನಸ್ಸಾಗುವುದಿಲ್ಲ.

ನಮ್ಮ ವ್ಯಾಗನ್ನಿಗೆ ಈಗ ಅದರದೇ ನಂಬರ್ ಬಿಳಿ ಬಣ್ಣದಲ್ಲಿ ಬಂದಿದೆ. ಫೋಟೋ ಕಳಿಸಿದೆ. ಅಪ್ಪ ನಂಬರ್ ಬಗ್ಗೆ ಏನೂ ಕೇಳಲಿಲ್ಲ. "ಆಕ್ಸಲ್‌ಬಾಕ್ಸಿಗೆ ಎಣ್ಣಿ ಹಾಕೀರೇನು?" ಎಂದರು.