ದೇವಿಮನೆ ಘಟ್ಟಕ್ಕೆ ಕರೆಂಟ್ ಕಾರಿನ ಟೈರು

ನನ್ನ ಕರೆಂಟ್ ಕಾರು ನೆಕ್ಸಾನ್ ಇವಿಯ ಮುಂದಿನ ಎರಡು ಟೈರುಗಳ ಗೀರಿನ ಆಳ ಮೇ ಹೊತ್ತಿಗೆ 3 ಮಿಲಿಮೀಟರಿಗೆ ಇಳಿದಿತ್ತು. ಮೋಟಾರು ತಿರುಗಿಸುವುದು ಮುಂದಿನ ಚಕ್ರಗಳನ್ನು, ರೀಜನ್, ಅಂದರೆ ವೇಗ ಇಳಿಸುತ್ತಾ ಬ್ಯಾಟರಿ ತುಂಬಿಸುವ ಮೋಟಾರಿನ ಬ್ರೇಕು, ಹಿಡಿಯುವುದೂ ಅವನ್ನೇ. ಬೇಗ ಸವೆಯದೆ ಇನ್ನೇನು? ಕಾನೂನಿಗೆ 1.6 ಇದ್ದರೆ ಸಾಕು. ಆದರೆ ಜೂನ್, ಜುಲೈನಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಓಡಾಡುವವನಿಗೆ ಅದು ಸಾಲದು. ಗೀರು ಸವೆದರೆ ಟೈರಿನಡಿಯ ನೀರಿಗೆ ಹೋಗಲು ದಾರಿ ಇರುವುದಿಲ್ಲ.

ಕೆನಡಾದಲ್ಲಿರುವ ಭಾವ ಫೋನಿನಲ್ಲಿ ಚಳಿಗಾಲದ ಟೈರಿನ ಗುಣಗಾನ ಮಾಡಿದರು. ಅದು 7 ಡಿಗ್ರಿಗಿಂತ ಕೆಳಗಿನ ಚಳಿಗೆ ಮಾಡಿದ ಮೆತ್ತನೆ ರಬ್ಬರು. ನಮ್ಮ ಏಪ್ರಿಲ್ ಬಿಸಿಲಿಗೆ ಸುಮ್ನೆ ಸವೆದು ಹೋಗುತ್ತದೆ. ನನಗೆ ಬೇಕಿದ್ದದ್ದು ಒದ್ದೆ ರಸ್ತೆಯ ಹಿಡಿತ.

ಅಂಗಡಿಯವರು ಮೊದಲು ತೋರಿಸಿದ್ದು 17 ಇಂಚಿನ ಅಲಾಯ್ ರಿಮ್ಮು. "ಅಡ್ಡಿಲ್ಲ ಮಾರಾಯ್ರೆ, ಲುಕ್ ಬರ್ತದೆ" ಅಂದರು. ನನ್ನ ಸೈಜು 215/60 ಆರ್16. ಅಂದರೆ ಅಗಲ 215 ಮಿಲಿಮೀಟರು, ಬದಿಯ ಎತ್ತರ ಅದರ ಶೇಕಡಾ 60, ಅಂದರೆ 129 ಮಿಲಿಮೀಟರು, ರಿಮ್ಮು 16 ಇಂಚು. ಅವರು ಹೇಳಿದ 215/55 ಆರ್17 ಹಾಕಿದರೆ ಅದು 118ಕ್ಕೆ ಇಳಿಯುತ್ತದೆ. ಮಳೆಗಾಲದ ಹೊಂಡ ನೀರು ತುಂಬಿದಾಗ ಕಾಣುವುದೇ ಇಲ್ಲ, ಪೆಟ್ಟು ಸೀದಾ ರಿಮ್ಮಿಗೆ. ಟೈರು ಎಷ್ಟು ಭಾರ ಹೊರಬಹುದು ಎಂದು ಹೇಳುವ ಲೋಡ್ ಇಂಡೆಕ್ಸ್ ಕೂಡ ನೋಡಿದೆ. ನನ್ನದರಲ್ಲಿ 95, ಅಂದರೆ ಒಂದು ಟೈರಿಗೆ 690 ಕಿಲೋ. ಅವರದ್ದು 94, 670 ಕಿಲೋ. ಬ್ಯಾಟರಿ ಹೊತ್ತ ಕಾರು ಮೊದಲೇ ಭಾರ, ಅಲ್ವಾ? ಬೇಡ ಅಂದೆ.

ರೇಂಜ್ ಜಾಸ್ತಿ ಕೊಡುವ, ಸಲೀಸಾಗಿ ಉರುಳುವ ಟೈರೂ ಇತ್ತು. ಹಾಗೆ ಉರುಳುವುದು, ನೀರಲ್ಲಿ ಗಟ್ಟಿಯಾಗಿ ಹಿಡಿಯುವುದು, ಎರಡೂ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದು ಕಷ್ಟ. ಒಂದಷ್ಟು ಕಿಲೋಮೀಟರು ಹೋದರೆ ಹೋಗಲಿ ಎಂದು ಹಿಡಿತದ್ದನ್ನೇ ಆರಿಸಿದೆ. ಬದಿಯಲ್ಲಿದ್ದ ನಾಲ್ಕು ಅಂಕಿಯನ್ನೂ ಓದಿಕೊಂಡೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ.

ಹೊಸ ಜೋಡಿಯನ್ನು ಮುಂದೆ ಹಾಕಲು ಹೊರಟರು. ಹಿಂದೆ ಹಾಕಿಸಿ, ಹಿಂದಿದ್ದವನ್ನು ಮುಂದಕ್ಕೆ ತರಿಸಿದೆ. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿ ಸುಧಾರಿಸಬಹುದು. ಹಿಂದಿನದು ಜಾರಿದರೆ ಗಿರಕಿ ಹೊಡೆಯುತ್ತದೆ. ಜಾಕ್ ಕೊಡುವಾಗ ಪಕ್ಕದಲ್ಲೇ ನಿಂತಿದ್ದೆ. ಕೆಳಗೆ ಬ್ಯಾಟರಿ ಇದೆ, ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ತಾಗಬಾರದು.

ಈಗ ಎಲೆ ಕೊಳೆತು ಬಿದ್ದಿರುವ ತಿರುವುಗಳಲ್ಲಿ ರೀಜನ್ ಅನ್ನು ಒಂದನೇ ಹಂತಕ್ಕೆ ಇಳಿಸಿಕೊಳ್ಳುತ್ತೇನೆ. ರೀಜನ್ ಮುಂದಿನ ಎರಡು ಚಕ್ರವನ್ನಷ್ಟೇ ಹಿಡಿಯುತ್ತದೆ, ಕಾಲಿನ ಬ್ರೇಕು ನಾಲ್ಕನ್ನೂ.