ಸಂಪಾಜೆ ಏರಿನಲ್ಲಿ ದಮ್ಮು ಕಳೆದುಕೊಂಡ ನಮ್ಮ ಪಿಕಪ್

ಫೆಬ್ರವರಿ ಮೊದಲ ವಾರ. ತೋಟದಲ್ಲಿ ರೋಬಸ್ಟಾ ಕೊಯ್ಲು ನಡೆಯುತ್ತಿತ್ತು. ಸುಳ್ಯದಿಂದ ಇಪ್ಪತ್ತು ಮೂಟೆ ಗೊಬ್ಬರ ಹೇರಿಕೊಂಡು ಸಂಪಾಜೆ ಘಾಟಿ ಹತ್ತುತ್ತಿದ್ದೆ. ಮೂಟೆಗೆ 50 ಕೆ.ಜಿ., ಒಟ್ಟು ಒಂದು ಟನ್. ಈ ಗಾಡಿಗೆ ಅದು ಹೊಸ ಭಾರ ಅಲ್ಲ. ಕೊಯನಾಡು ದಾಟುವವರೆಗೆ ಮೂರನೇ ಗೇರಿನಲ್ಲಿ ಚೆನ್ನಾಗಿಯೇ ಎಳೆಯಿತು. ದೇವರಕೊಲ್ಲಿ ಕಳೆದ ಮೇಲೆ ಮೆಲ್ಲಗೆ ಸೋಲತೊಡಗಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇನೆ, ಗಾಡಿಗೆ ದಮ್ಮಿಲ್ಲ. ಎರಡಕ್ಕೆ ಇಳಿಸಿದೆ. ಜೋಡುಪಾಲ ಬರುವಷ್ಟರಲ್ಲಿ ಎರಡರಲ್ಲೂ ಏದುಸಿರು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಜಾಗ ಅದು. ಅಲ್ಲಿ ಗಾಡಿ ನಿಲ್ಲಿಸಲು ನನಗೆ ಈಗಲೂ ಮನಸ್ಸು ಬರುವುದಿಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೇಗೋ ಸ್ವಲ್ಪ ಅಗಲ ಇರುವ ಕಡೆ ತಲುಪಿ ಬದಿಗೆ ಹಾಕಿದೆ. ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ಕಾದೆ. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಎಳೆಯಿತು. ಮದೆನಾಡು ದಾಟಿದ ಮೇಲೆ ಮತ್ತದೇ ಕತೆ.

ಗಾಡಿಯ ಬಗ್ಗೆ ಹೇಳಿಬಿಡುತ್ತೇನೆ. ಎರಡೂವರೆ ಲೀಟರಿನ ಹಳೇ ಡಿಐ ಟರ್ಬೊ ಎಂಜಿನ್, ಫೋರ್ ವೀಲ್ ಡ್ರೈವ್ ಪಿಕಪ್. ಟರ್ಬೊ ಅಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನಿಗೆ ಗಾಳಿ ಒತ್ತಿ ತುಂಬುವ ಫ್ಯಾನು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಮೆಕ್ಯಾನಿಕಲ್ ಡೀಸೆಲ್ ಪಂಪು. ಸ್ಕ್ಯಾನರ್ ಹಾಕಿ ನೋಡುವ ಗಾಡಿ ಇದಲ್ಲ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಮಾಡಿಫೈ ಮಾಡಿಸಿದ್ದೆ. ಮುಂದೆ ಟರ್ಬೊದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್, ಹೊಳೆ ದಾಟಲು ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ, ಸ್ವಲ್ಪ ದೊಡ್ಡ ಟೈರು, ಡ್ಯಾಶ್‌ಬೋರ್ಡಿನಲ್ಲಿ ಟರ್ಬೊ ಒತ್ತುವ ಗಾಳಿಯ ಒತ್ತಡ ತೋರಿಸುವ ಒಂದು ಬೂಸ್ಟ್ ಮೀಟರ್. ಇಂಟರ್‌ಕೂಲರ್ ಪೈಪಿಗೆ ಜಾಗ ಬೇಕಾಗಿ ಏರ್ ಫಿಲ್ಟರ್ ಡಬ್ಬವನ್ನು ಇನ್ನೊಂದು ಬದಿಗೆ ಸರಿಸಿದ್ದರು. ಈ ಕೊನೆಯ ಸಣ್ಣ ಬದಲಾವಣೆ ಆಗ ನನಗೆ ದೊಡ್ಡದು ಅನ್ನಿಸಿರಲಿಲ್ಲ.

ಮನೆಗೆ ಬಂದಾಗ ಎಲ್ಲರದ್ದೂ ಒಂದೊಂದು ಮಾತು. ಎತ್ತರಕ್ಕೆ ಹೋದರೆ ಗಾಳಿ ತೆಳು, ಹಾಗೇ ಆಗುತ್ತೆ ಅಂದರು ಒಬ್ಬರು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ನೂರಕ್ಕೆ ಹನ್ನೆರಡರಷ್ಟು ಕಡಿಮೆ ಇರುವುದು ನಿಜ. ಆದರೆ ಹೋದ ವರ್ಷವೂ ಮಡಿಕೇರಿ ಅಷ್ಟೇ ಎತ್ತರದಲ್ಲಿತ್ತಲ್ಲ! ಆಗ ಇದೇ ಭಾರಕ್ಕೆ ಇದೇ ಗಾಡಿ ಮೂರರಲ್ಲಿ ಹತ್ತಿತ್ತು. ದೊಡ್ಡ ಟೈರು ಅಂದರು ಇನ್ನೊಬ್ಬರು. ಮೊದಲಿದ್ದ ಟೈರಿನ ಎತ್ತರ 70 ಸೆಂ.ಮೀ., ಈಗಿನದು 73. ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ. ಅದರಿಂದ ಎಳೆತ ಸ್ವಲ್ಪ ಕಡಿಮೆ ಆಗುತ್ತದೆ, ಒಪ್ಪಿದೆ. ಆದರೆ ಟೈರು ಇಪ್ಪತ್ತು ನಿಮಿಷ ತಣ್ಣಗಾದ ಮೇಲೆ ಚಿಕ್ಕದಾಗುವುದಿಲ್ಲ.

ಖರ್ಚಿಲ್ಲದ ಪರೀಕ್ಷೆಗಳನ್ನು ಒಂದೇ ಬೆಳಗ್ಗೆ ಮುಗಿಸಿದೆ. ಒಬ್ಬರನ್ನು ಕೂರಿಸಿ ಆಕ್ಸಿಲರೇಟರ್ ಒತ್ತಿಸಿ, ಪಂಪಿನ ಲಿವರ್ ಕೊನೆಯ ಬೋಲ್ಟಿಗೆ ತಾಗುತ್ತದೆಯಾ ನೋಡಿದೆ. ತಾಗುತ್ತಿತ್ತು. ಸ್ವಲ್ಪ ಓಡಿಸಿ ನಾಲ್ಕೂ ಚಕ್ರದ ಹಬ್ಬಿನ ಹತ್ತಿರ ಕೈ ಹಿಡಿದೆ, ಬ್ರೇಕ್ ಕಚ್ಚಿಕೊಂಡು ಬಿಸಿಯಾದದ್ದು ಯಾವುದೂ ಇಲ್ಲ. ಕ್ಲಚ್ ಜಾರಿದರೆ ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ನಮ್ಮದರಲ್ಲಿ ಸದ್ದೂ ಇಳಿಯುತ್ತಿತ್ತು. ಹಾಗಾಗಿ ಅದೂ ಅಲ್ಲ.

ಮಡಿಕೇರಿಯಲ್ಲಿ ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ಹುಷಾರಿನ ಹುಡುಗ. "ಅಣ್ಣ, ಕಪ್ಪು ಹೊಗೆ ಅಂದರೆ ನಾಜಲ್ ಸೋರುತ್ತಾ ಇರಬೇಕು. ಇಳಿಸಿ ನೋಡುವ" ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾಜಲ್ ಡೀಸೆಲನ್ನು ಸರಿಯಾಗಿ ಸಿಂಪಡಿಸದೆ ಹನಿಸಿದರೆ ಕಪ್ಪು ಹೊಗೆ ಬಂದೇ ಬರುತ್ತದೆ. ನಾಲ್ಕೂ ನಾಜಲ್ ಇಳಿಸಿ ಮೈಸೂರಿಗೆ ಕಳಿಸಿದೆವು. ನಾಲ್ಕೂ ಸರಿಯಾಗಿವೆ ಅಂತ ವಾಪಸ್ ಬಂದವು. ಕೊಯ್ಲಿನ ಸಮಯದಲ್ಲಿ ಹತ್ತು ದಿನ ಗಾಡಿ ನಿಂತಿತು. ಈಗ ಯೋಚಿಸಿದರೆ, ಬಿಡಿಭಾಗ ಇಳಿಸುವ ಮೊದಲು ನಾನು ಒಂದು ಪ್ರಶ್ನೆ ಕೇಳಬೇಕಿತ್ತು. ಸೋರುವ ನಾಜಲ್ ತಣ್ಣಗಿನ ಎಂಜಿನಿನಲ್ಲೂ ಸೋರಬೇಕಲ್ವಾ? ಬೆಳಗ್ಗೆ ಚೆನ್ನಾಗಿದ್ದು ಹದಿನೈದು ನಿಮಿಷದ ಏರಿನ ನಂತರ ಮಾತ್ರ ಯಾಕೆ?

ನಿಂತು ಹೊರಟರೆ ಸರಿಹೋಗುತ್ತದೆ ಅನ್ನುವುದು ಇನ್ನೊಂದು ತಪ್ಪಿಗೂ ಹೊಂದುತ್ತದೆ. ಡೀಸೆಲ್ ಟ್ಯಾಂಕಿನ ಗಾಳಿಕಿಂಡಿ ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಆಗಿ ಡೀಸೆಲ್ ಎಳೆದುಕೊಳ್ಳುವುದಿಲ್ಲ. ನಿಲ್ಲಿಸಿದರೆ ಮೆಲ್ಲಗೆ ಗಾಳಿ ಒಳಗೆ ಸೇರಿ ಸರಿಯಾಗುತ್ತದೆ. ಅದಕ್ಕೆ ಹತ್ತು ಲೀಟರಿನ ಕ್ಯಾನಿನಿಂದ ನೇರ ಪಂಪಿಗೆ ಪಾರದರ್ಶಕ ಪೈಪು ಕೊಟ್ಟು, ಕ್ಯಾನನ್ನು ಗಟ್ಟಿಯಾಗಿ ಕಟ್ಟಿ ಓಡಿಸಿದೆವು. ಪೈಪಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಗಾಡಿ ಮಾತ್ರ ಅದೇ ಜಾಗದಲ್ಲಿ ಸೋತಿತು, ಅದೇ ಕಪ್ಪು ಹೊಗೆ.

ಆವತ್ತು ಸಂಜೆ ಕಣದ ಕಟ್ಟೆ ಮೇಲೆ ಕೂತು ಹೊಗೆಯ ಬಗ್ಗೆಯೇ ಯೋಚಿಸಿದೆ. ಡೀಸೆಲ್ ಸಾಲದೆ ಸೋಲುವ ಎಂಜಿನ್ ಇಷ್ಟು ಕಪ್ಪು ಹೊಗೆ ಉಗುಳುವುದಿಲ್ಲ. ಕಪ್ಪು ಹೊಗೆ ಅಂದರೆ ಡೀಸೆಲ್ ಬರುತ್ತಿದೆ, ಅದನ್ನು ಸುಡಲು ಗಾಳಿ ಸಾಲುತ್ತಿಲ್ಲ. ಬೂಸ್ಟ್ ಮೀಟರ್ ಕೂಡ ಅದನ್ನೇ ಹೇಳುತ್ತಿತ್ತು. ಚೆನ್ನಾಗಿದ್ದಾಗ ಏರಿನಲ್ಲಿ 0.8 ಬಾರ್, ಸೋತಾಗ 0.45. ಅಂದರೆ ಹುಡುಕಬೇಕಾದ್ದು ಗಾಳಿಯ ದಾರಿಯನ್ನು.

ಟರ್ಬೊ ಆದಮೇಲಿನ ಪೈಪುಗಳಲ್ಲಿ ಎಲ್ಲೋ ಗಾಳಿ ಸೋರುತ್ತಿದೆ ಅಂತ ಮೊದಲು ಅನುಮಾನ ಬಂತು. ಟರ್ಬೊದ ಬಾಯಿಗೆ ಹಾಕಿದ್ದ ಹೋಸು ಬಿಚ್ಚಿದೆ. ಅಲ್ಲಿಗೆ ಪಿವಿಸಿ ಕ್ಯಾಪು ಕೂರಿಸಿ, ಅದಕ್ಕೊಂದು ಟೈರ್ ವಾಲ್ವ್ ಹಾಕಿ, ಕಂಪ್ರೆಸರಿನಿಂದ 10 ಪೌಂಡ್ ಗಾಳಿ ತುಂಬಿಸಿದೆ. ಎಲ್ಲ ಜಾಯಿಂಟಿಗೆ ಸೋಪು ನೀರು ಬಳಿದೆ. ಇಂಟರ್‌ಕೂಲರಿನ ಕೆಳಗಿನ ಕ್ಲಾಂಪಿನಲ್ಲಿ ಸಣ್ಣ ನೊರೆ ಬಂತು, ಬಿಗಿ ಮಾಡಿದೆ. ಇದೇ ಇರಬೇಕು ಅಂತ ಖುಷಿಯಾಯಿತು. ಮಾರನೆ ದಿನ ಜೋಡುಪಾಲದಲ್ಲಿ ಮತ್ತೆ ನಿಂತೆ.

ಆ ಪರೀಕ್ಷೆಯಲ್ಲಿ ಒಂದು ಕುರುಡು ಜಾಗ ಇತ್ತು, ನನಗೆ ಆಗ ಹೊಳೆದಿರಲಿಲ್ಲ. ಪರೀಕ್ಷೆ ಮಾಡಲು ನಾನು ಬಿಚ್ಚಿ ಪಕ್ಕಕ್ಕಿಟ್ಟ ಹೋಸಿನಲ್ಲೇ ತಪ್ಪು ಇದ್ದರೆ? ಟರ್ಬೊ ಆದಮೇಲಿನ ಪೈಪುಗಳಲ್ಲಿ ಗಾಳಿ ಒಳಗಿಂದ ಹೊರಗೆ ಒತ್ತುತ್ತದೆ. ಟರ್ಬೊದ ಮೊದಲಿನ ಪೈಪುಗಳಲ್ಲಿ ಗಾಳಿ ಒಳಕ್ಕೆ ಎಳೆಯುತ್ತದೆ. ಒತ್ತುವ ಪರೀಕ್ಷೆಯಿಂದ ಎಳೆಯುವ ಕಡೆಯ ತಪ್ಪು ಸಿಗುವುದಿಲ್ಲ.

ಎಳೆತವನ್ನು ಅಳೆಯಬೇಕು. ಅದಕ್ಕೆ ಮೀಟರ್ ಎಲ್ಲಿಂದ ತರುವುದು? ಮನೆಯ ಹಿಂದೆ ಗಾರೆ ಮೇಸ್ತ್ರಿ ಕಣ ರಿಪೇರಿ ಮಾಡುತ್ತಿದ್ದರು. ಅವರ ಕೈಯಲ್ಲಿ ನೀರು ತುಂಬಿದ ಲೆವೆಲ್ ಪೈಪು. ನೋಡಿದ ಕೂಡಲೇ, ಬೇಕಾದ್ದು ಇದೇ ಅನ್ನಿಸಿತು. ಆ ಪೈಪನ್ನು ಕೇಳಿ ತಂದು ಒಂದು ಮೀಟರ್ ಎತ್ತರದ ಪ್ಲೈವುಡ್ ಹಲಗೆಯ ಮೇಲೆ 'ಯು' ಆಕಾರದಲ್ಲಿ ಬಿಗಿದೆ. ಅರ್ಧದವರೆಗೆ ನೀರು ತುಂಬಿದೆ, ಕಾಣಲಿ ಅಂತ ಸ್ವಲ್ಪ ಕುಂಕುಮ ಕದಡಿದೆ. ಒಂದು ಬಾಯಿ ತೆರೆದೇ ಇರುತ್ತದೆ. ಇನ್ನೊಂದು ಬಾಯಿ ಗಾಳಿಯ ದಾರಿಗೆ. ಎಳೆತ ಜಾಸ್ತಿಯಾದಷ್ಟೂ ಒಂದು ಕಾಲಿನಲ್ಲಿ ನೀರು ಮೇಲೇರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಎರಡರ ನಡುವಿನ ಅಂತರವೇ ಲೆಕ್ಕ. ಕಾಲುಗಳು ಒಂದಕ್ಕೊಂದು ಅಂಟಿದ ಹಾಗೆ ಇದ್ದರೆ ಗಾಡಿ ಓರೆಯಾದರೂ ಲೆಕ್ಕ ಜಾಸ್ತಿ ತಪ್ಪುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ಹಲಗೆಗೂ ಎಂಜಿನಿಗೂ ನಡುವೆ ಒಂದು ಗಟ್ಟಿ ಖಾಲಿ ಬಾಟಲಿ ಇಡಬೇಕು. ನೀರು ಉಕ್ಕಿದರೆ ಅದರಲ್ಲಿ ಬೀಳಬೇಕು, ಟರ್ಬೊಗೆ ಹೋಗಬಾರದು. ಟರ್ಬೊದ ಹತ್ತಿರ ಹೋಸಿಗೆ ತೂತು ಕೊರೆಯುವಾಗಲೂ ಹೋಸನ್ನು ಪೂರ್ತಿ ಹೊರತೆಗೆದು ಕೊರೆದು, ತೊಳೆದು, ಒರೆಸಿ ಹಾಕಿದೆ. ತೂತಿಗೆ ಟ್ಯೂಬ್‌ಲೆಸ್ ಟೈರಿನ ವಾಲ್ವನ್ನು ಒಳಗಿನ ಪಿನ್ನು ತೆಗೆದು ಕೂರಿಸಿದೆ. ಸರಿಯಾಗಿ ಸೀಲ್ ಆಗುತ್ತದೆ.

ಅಣ್ಣನ ಮಗ ಹಲಗೆ ಹಿಡಿದು ಪಕ್ಕದಲ್ಲಿ ಕೂತ. ಸಂಪಾಜೆಯಿಂದ ಅದೇ ಇಪ್ಪತ್ತು ಮೂಟೆ ಭಾರದಲ್ಲಿ ಹೊರಟೆವು. ಈ ತಪ್ಪು ಭಾರ ಇಲ್ಲದಿದ್ದರೆ, ಬಿಸಿ ಇಲ್ಲದಿದ್ದರೆ ಮುಖ ತೋರಿಸುವುದೇ ಇಲ್ಲ. ಮನೆ ಅಂಗಳದಲ್ಲಿ ಎಷ್ಟು ರೇಸ್ ಮಾಡಿದರೂ ಸುಮ್ನೆ. ಕೊಯನಾಡಿನಲ್ಲಿ ಅಂತರ 24 ಸೆಂ.ಮೀ. ದೇವರಕೊಲ್ಲಿಯಲ್ಲಿ 40. ಟರ್ಬೊ ಡೀಸೆಲ್‌ಗಳಿಗೆ ಸಾಮಾನ್ಯವಾಗಿ 25 ಇಂಚು, ಅಂದರೆ ಸುಮಾರು 63 ಸೆಂ.ಮೀ. ನೀರಿನ ಎಳೆತ ಮಿತಿ ಅನ್ನುತ್ತಾರೆ. ಅದನ್ನು ದಾಟಿತು. "ಚಿಕ್ಕಪ್ಪಾ, ಎಂಬತ್ತು... ನೀರು ಮೇಲೆ ಹೋಗ್ತಾ ಇದೆ... ಬಾಟ್ಲಿಗೆ ಬಿತ್ತು!" ಅಂತ ಕೂಗಿದ. ಅದೇ ಹೊತ್ತಿಗೆ ಬೂಸ್ಟ್ ಮೀಟರ್ 0.45ಕ್ಕೆ ಇಳಿದಿತ್ತು. ನನಗೆ ಮೈಯೆಲ್ಲ ಹಗುರಾಯಿತು. ಮೂರು ವಾರದಲ್ಲಿ ಮೊದಲ ಸಲ ತಪ್ಪು ಕಣ್ಣಿಗೆ ಕಂಡಿತ್ತು.

ಟರ್ಬೊ ತನ್ನ ಬಾಯಿಗೆ ಬಂದ ಗಾಳಿಯನ್ನು ಇಷ್ಟು ಪಟ್ಟು ಅಂತ ಒತ್ತುತ್ತದೆ. ಬಾಯಲ್ಲೇ ಒತ್ತಡ ಕಡಿಮೆಯಾದರೆ ಆ ನಷ್ಟ ಆಚೆ ಕಡೆ ಹೆಚ್ಚುಕಡಿಮೆ ಎರಡು ಪಟ್ಟಾಗಿ ಕಾಣುತ್ತದೆ. ಎಂಜಿನಿಗೆ ಗಾಳಿ ಸಾಲದೆ ಹೊಗೆಯ ಬಿಸಿಯೂ ಏರುತ್ತದೆ. ಹೀಗೇ ತಿಂಗಳುಗಟ್ಟಲೆ ಓಡಿಸಿದ್ದರೆ ಟರ್ಬೊ, ಪಿಸ್ಟನ್ ಎರಡಕ್ಕೂ ಅಪಾಯವಿತ್ತು.

ಮುಂದಿನದು ದಾರಿಯನ್ನು ತುಂಡು ಮಾಡುವ ಕೆಲಸ. ಗಾಳಿ ಬರುವುದು ಸ್ನಾರ್ಕೆಲ್, ಫಿಲ್ಟರ್, ಹೋಸು, ಟರ್ಬೊ ಈ ಕ್ರಮದಲ್ಲಿ. ಅಳೆಯುವ ಪೈಪನ್ನು ಫಿಲ್ಟರ್ ಡಬ್ಬದ ಹೊರಬಾಯಿಗೆ ಬದಲಿಸಿ ಅದೇ ಏರು ಮತ್ತೆ ಹತ್ತಿದೆವು. ಗಾಡಿ ಸೋತಿತು, ನೀರು ಮಾತ್ರ 20 ಸೆಂ.ಮೀ. ಬಿಟ್ಟು ಮೇಲೇರಲಿಲ್ಲ. ಸ್ನಾರ್ಕೆಲ್ ಸರಿ, ಫಿಲ್ಟರ್ ಸರಿ. ಉಳಿದದ್ದು ಡಬ್ಬಕ್ಕೂ ಟರ್ಬೊಗೂ ನಡುವಿನ ಒಂದು ಅಡಿ ಹೋಸು.

ನಿಲ್ಲಿಸಿ ನೋಡಿದರೆ ಹೋಸು ದುಂಡಗೆ ಚೆನ್ನಾಗಿಯೇ ಇತ್ತು. ಎಂಜಿನ್ ಐಡ್ಲಿಂಗಿಗೆ ಬಂದ ಕೂಡಲೇ ಅದು ಮತ್ತೆ ಅರಳುತ್ತದೆ. ಅಣ್ಣನ ಮಗ ತನ್ನ ಫೋನಿನ ಟಾರ್ಚ್ ಹಾಕಿ, ಬಿಸಿ ತಾಗದ ಮೂಲೆಯಲ್ಲಿ ಕಟ್ಟಿ ವಿಡಿಯೊ ತೆಗೆದ. ಹೋಸಿನ ಬಾಗಿದ ಜಾಗ ಮೆಲ್ಲಗೆ ಒಳಗೆ ಬಿದ್ದು, ಎದುರು ಬದಿಗೆ ಮುಟ್ಟುವಷ್ಟು ಚಪ್ಪಟೆಯಾಗುವುದು ಅದರಲ್ಲಿ ಕಂಡಿತು. ಬಿಚ್ಚಿ ಕೈಯಲ್ಲಿ ಹಿಡಿದರೆ ಒಳಮೈ ಉಬ್ಬಿ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು.

ಫಿಲ್ಟರ್ ಡಬ್ಬ ಸರಿಸಿದಾಗ ಮೊದಲಿನ ಹೋಸು ಎಟಕಲಿಲ್ಲ. ಬಾಗು ಹೊಂದುತ್ತದೆ ಅಂತ ಒಂದು ರೇಡಿಯೇಟರ್ ಹೋಸು ಹಾಕಿದ್ದರು. ರೇಡಿಯೇಟರ್ ಹೋಸಿನ ರಬ್ಬರ್ ಬಿಸಿ ನೀರಿಗೆ ತಡೆಯುತ್ತದೆ, ಎಣ್ಣೆಗೆ ತಡೆಯುವುದಿಲ್ಲ. ಎಂಜಿನೊಳಗಿನ ಆಯಿಲ್ ಆವಿಯನ್ನು ಹೊರಬಿಡುವ ಬ್ರೀದರ್ ಪೈಪು ಬಂದು ಸೇರುವುದು ಅದೇ ಹೋಸಿಗೆ. ಆಯಿಲ್ ಆವಿ ಎರಡು ವರ್ಷ ಅದರೊಳಗೆ ಹರಿದಿದೆ. ಜೊತೆಗೆ ಕೆಳಗೇ ಸೈಲೆನ್ಸರ್ ಪೈಪಿನ ಬಿಸಿ. ಅದಕ್ಕೇ ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಅದಕ್ಕೇ ಹದಿನೈದು ನಿಮಿಷ ಬಿಸಿಯಾದ ಮೇಲೆ ಮಾತ್ರ ಸೋಲುತ್ತಿತ್ತು. ತಣ್ಣಗಾದರೆ ರಬ್ಬರ್ ಬಿಗಿಯಾಗಿ ಮತ್ತೆ ದಾರಿ ಬಿಡುತ್ತಿತ್ತು. ಎಲ್ಲವೂ ಒಂದಕ್ಕೊಂದು ಕೂಡಿತು.

ಕುಶಾಲನಗರದ ಒಂದು ವೆಲ್ಡಿಂಗ್ ಶಾಪಿನಲ್ಲಿ ಅದೇ ಅಳತೆಯ ಸ್ಟೀಲ್ ಪೈಪು ಬಾಗಿಸಿ ಮಾಡಿಸಿದೆ. ಒಳಗಿನ ವೆಲ್ಡಿಂಗ್ ಗುಳ್ಳೆಗಳನ್ನು ಒಂದೂ ಬಿಡದೆ ಉಜ್ಜಿ ತೆಗೆಸಿದೆ. ಒಂದು ಚೂರು ಕಿತ್ತು ಹೋದರೂ ಟರ್ಬೊದ ರೆಕ್ಕೆ ಹಾಳು. ಪೈಪಿನ ಭಾರ ಟರ್ಬೊ ಮೇಲೆ ಬೀಳದ ಹಾಗೆ ಎಂಜಿನಿಗೇ ಒಂದು ಕ್ಲಿಪ್ಪು ಕೊಟ್ಟೆವು. ಎರಡು ತುದಿಗೆ ಎರಡೆರಡು ಇಂಚಿನ, ಒಳಗೆ ತಂತಿ ಸುರುಳಿ ಇರುವ, ಎಣ್ಣೆಗೆ ತಡೆಯುವ ಹೋಸಿನ ತುಂಡು. ಅಂದದ ಬಣ್ಣದ ಸಿಲಿಕೋನ್ ಹೋಸು ಹಾಕಿ ಅಂತ ಅಂಗಡಿಯವರು ಹೇಳಿದರು. ಸಾದಾ ಸಿಲಿಕೋನ್ ಕೂಡ ಎಣ್ಣೆಗೆ ಅಷ್ಟು ಒಳ್ಳೆಯದಲ್ಲ, ಹಾಗಾಗಿ ಬೇಡ ಅಂದೆ. ಬ್ರೀದರ್ ಪೈಪಿನ ನಡುವೆ ಎಣ್ಣೆ ಹಿಡಿಯುವ ಒಂದು ಡಬ್ಬಿ, ಸೈಲೆನ್ಸರ್ ಪೈಪಿನ ಮೇಲೆ ಒಂದು ತಗಡು.

ಮತ್ತೆ ಇಪ್ಪತ್ತು ಮೂಟೆ, ಮತ್ತೆ ಸಂಪಾಜೆ. ತಾಳತ್ತಮನೆ ಬರುವಾಗ ನೀರಿನ ಅಂತರ 22 ಸೆಂ.ಮೀ., ಬೂಸ್ಟ್ 0.8. ಜೋಡುಪಾಲವನ್ನು ಮೂರನೇ ಗೇರಿನಲ್ಲೇ ದಾಟಿದ್ದೆವು.

ಗಾರೆ ಮೇಸ್ತ್ರಿಗೆ ಹೊಸ ಲೆವೆಲ್ ಪೈಪು ತಂದುಕೊಟ್ಟೆ. ಹಳೆಯದು ಹಲಗೆಯ ಸಮೇತ ಶೆಡ್ಡಿನಲ್ಲಿದೆ. ಮಳೆಗಾಲ ಮುಗಿದು ಕಾಫಿ ಕೊಯ್ಲು ಶುರುವಾಗುವ ಮೊದಲು ಒಂದು ಸಲ ಅಳೆಯುತ್ತೇನೆ. ಹೋದ ನವೆಂಬರಿನಲ್ಲಿ 31 ತೋರಿಸಿತು. ಫಿಲ್ಟರ್ ಬದಲಿಸಿದೆ, 21ಕ್ಕೆ ಇಳಿಯಿತು.